ಸಮುದ್ರಕ್ಕೆ ಪಹಣಿ ಇಲ್ಲ: ಕಡಲ ಗಾಳಿ ವಿದ್ಯುತ್ ಮತ್ತು ಮೀನುಗಾರರು

ಸಮುದ್ರದೊಳಗೆ ಗಾಳಿಯಂತ್ರದ ಕಂಬ ನೆಟ್ಟು ಕರೆಂಟು ಮಾಡೋ ಯೋಜನೆ ಬಂದರೆ ಅಲ್ಲಿ ಮೀನು ಹಿಡಿಯೋರ ಗತಿ ಏನು? ಕಲಬುರಗಿಯಲ್ಲಿ ಕೂತು ಇದನ್ನು ಯಾಕೆ ಓದಬೇಕು ಅಂತ ಪರೀಕ್ಷೆಗೆ ಓದೋ ನಮ್ಮ ಗ್ರೂಪಿನಲ್ಲಿ ಒಬ್ಬರು ಕೇಳಿದರು. ಪರೀಕ್ಷೆಗೆ ಬರಬಹುದು, ಅದು ಸರಿ. ಆದರೆ ಈ ವಿಷಯದ ಗಂಟು ನಮಗೆ ಮೊದಲೇ ಗೊತ್ತಿರೋದು. ಜೇವರ್ಗಿ, ಚಿತ್ತಾಪುರ ಕಡೆ ಲಾವಣಿಗೆ ಹೊಲ ಮಾಡೋರನ್ನು ನೆನಪಿಸಿಕೊಳ್ಳಿ. ತೊಗರಿ ನೆಟೆ ರೋಗಕ್ಕೆ ಒಣಗಿದರೆ ನಷ್ಟ ಅವರದು, ಪರಿಹಾರ ಮಾತ್ರ ಪಹಣಿಯಲ್ಲಿ ಹೆಸರಿದ್ದವರಿಗೆ. ಸಮುದ್ರಕ್ಕಂತೂ ಪಹಣಿಯೇ ಇಲ್ಲ. ಅಜ್ಜನ ಕಾಲದಿಂದ ಇಲ್ಲೇ ಬಲೆ ಹಾಕ್ತೀವಿ ಅಂತ ಬಾಯಲ್ಲಿ ಹೇಳಬಹುದು, ತೋರಿಸೋಕೆ ಕಾಗದ ಎಲ್ಲಿದೆ?

ಹಿನ್ನೆಲೆ ಚುಟುಕಾಗಿ. ಜಗತ್ತಿನ ಮೊದಲ ಕಡಲ ಗಾಳಿ ವಿದ್ಯುತ್ ಘಟಕ 1991ರಲ್ಲಿ ಡೆನ್ಮಾರ್ಕಿನ ವಿಂಡೆಬಿಯಲ್ಲಿ ಶುರುವಾಯಿತು. ನಮ್ಮ ರಾಷ್ಟ್ರೀಯ ನೀತಿ ಬಂದದ್ದು 2015ರಲ್ಲಿ, ಕಡಲ ಜಾಗವನ್ನು ಇದಕ್ಕೆ ಗುತ್ತಿಗೆ ಕೊಡೋ ನಿಯಮಗಳು 2023ರಲ್ಲಿ. 2024ರ ಜೂನ್‌ನಲ್ಲಿ ಕೇಂದ್ರ ಸಂಪುಟ 7,453 ಕೋಟಿ ರೂಪಾಯಿ ಯೋಜನೆಗೆ ಒಪ್ಪಿಗೆ ಕೊಟ್ಟಿತು: ಗುಜರಾತ್ ಕರಾವಳಿಯಲ್ಲಿ 500 ಮೆಗಾವಾಟ್, ತಮಿಳುನಾಡು ಕರಾವಳಿಯಲ್ಲಿ 500 ಮೆಗಾವಾಟ್. ಕಡಲ ಮೇಲೆ ಗಾಳಿ ಜೋರು, ಏರುಪೇರೂ ಕಡಿಮೆ, ಹಾಗಾಗಿ ಅದೇ ಫ್ಯಾನಿನಿಂದ ಜಾಸ್ತಿ ಕರೆಂಟು. ನನ್ನ ಮಟ್ಟಿಗೆ ಇದು ಬೇಕಾದ ವಿದ್ಯುತ್ತೇ. ಪ್ರಶ್ನೆ ಇರೋದು ಅದರ ಬೆಲೆ ಯಾರ ತಲೆ ಮೇಲೆ ಬೀಳುತ್ತದೆ ಅನ್ನೋದರಲ್ಲಿ.

ಈಗ ತಮಿಳುನಾಡಿನ ಭಾಗವನ್ನು ನಕ್ಷೆ ಇಟ್ಟುಕೊಂಡು ಓದಿ. ಗುರುತಿಸಿರುವ ವಲಯಗಳು ಮನ್ನಾರ್ ಕೊಲ್ಲಿಯ ಆಸುಪಾಸಿನಲ್ಲಿವೆ. ಅಲ್ಲಿ ಮೊದಲೇ ಸಾಗರ ರಾಷ್ಟ್ರೀಯ ಉದ್ಯಾನ ಇದೆ, 1986ರಿಂದ. ಪೂರ್ವ ಕರಾವಳಿಯಲ್ಲಿ ಏಪ್ರಿಲ್ 15ರಿಂದ ಜೂನ್ 14ರವರೆಗೆ, ಅಂದರೆ 61 ದಿನ, ಟ್ರಾಲ್ ಬೋಟುಗಳು (ದೊಡ್ಡ ಬಲೆಯನ್ನು ಎಂಜಿನ್‌ನಿಂದ ಎಳೆಯೋ ಬೋಟುಗಳು) ಕಡಲಿಗೆ ಇಳಿಯೋ ಹಾಗಿಲ್ಲ. ಆಚೆ ಶ್ರೀಲಂಕಾದ ಗಡಿ, ದಾಟಿದರೆ ಬಂಧನ. ಈ ಎಲ್ಲದರ ನಡುವೆ ಉಳಿದ ನೀರಿನಲ್ಲೇ ಕಂಬಗಳೂ ಬರಬೇಕು. ಒಂದೊಂದನ್ನೇ ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದೂ ನ್ಯಾಯವಾಗೇ ಕಾಣುತ್ತದೆ, ಒಟ್ಟು ಸೇರಿಸಿದಾಗಲೇ ದೋಣಿಯವನಿಗೆ ಎಷ್ಟು ಜಾಗ ಉಳಿಯಿತು ಅಂತ ತಿಳಿಯೋದು. ಉತ್ತರ ಬರೆಯುವಾಗ ಇದನ್ನು ಬಿಡಬೇಡಿ. ಇನ್ನೊಂದು ತೊಡಕು: ದಡದಿಂದ 12 ನಾಟಿಕಲ್ ಮೈಲಿವರೆಗೆ, ಸುಮಾರು 22 ಕಿಲೋಮೀಟರ್, ಮೀನುಗಾರಿಕೆ ರಾಜ್ಯದ ವಿಷಯ. ಅದರಾಚೆ ಕೇಂದ್ರದ್ದು. ಗಾಳಿ ಘಟಕದ ಗುತ್ತಿಗೆ ಕೊಡೋದು ಕೇಂದ್ರ. ಮೀನುಗಾರ ಯಾವ ಕಚೇರಿಯ ಬಾಗಿಲು ತಟ್ಟಬೇಕು?

ಕಂಬಗಳ ನಡುವೆ ಮೀನು ಹಿಡಿಯೋಕೆ ಆಗಲ್ವಾ ಅಂತ ಕೇಳಬಹುದು. ಅದು ಬಲೆ ಮೇಲೆ ನಿಂತಿದೆ. ಟ್ರಾಲ್ ಬಲೆ ತಳವನ್ನು ಕೆರೆದುಕೊಂಡು ಹೋಗುತ್ತದೆ. ತಳದಲ್ಲಿ ಹೂತ ಕೇಬಲ್ ಎಲ್ಲೋ ಒಂದು ಕಡೆ ಮೇಲೆದ್ದಿದ್ದರೆ ಬಲೆ ಸಿಕ್ಕಿಕೊಳ್ಳುತ್ತದೆ, ಎಂಜಿನ್ ಎಳೀತಾನೇ ಇದ್ದರೆ ಬೋಟೇ ಮಗುಚಬಹುದು. ಏಡಿ ಬುಟ್ಟಿ ಇಳಿಸಿ ಬರೋರಿಗೆ ಈ ಭಯ ಕಡಿಮೆ. ಬೆಲ್ಜಿಯಂ ತನ್ನ ಘಟಕಗಳೊಳಗೆ ಮೀನುಗಾರಿಕೆ ನಿಷೇಧಿಸಿದೆ. ಬ್ರಿಟನ್ ನಿಷೇಧಿಸಿಲ್ಲ, ಆದರೂ ಟ್ರಾಲ್ ಬೋಟಿನವರು ಹಲವರು ಭಯಕ್ಕೆ ಒಳಗೆ ಹೋಗಲ್ಲ. ಕಾನೂನು ಬಿಟ್ಟರೂ ಜಾಗ ಹೋದ ಹಾಗೇ ಅಲ್ವಾ? ಕಂಬದ ಬುಡಕ್ಕೆ ಚಿಪ್ಪುಜೀವಿಗಳು ಅಂಟಿ, ಮೀನು ಬಂದು ಸೇರೋದು ನಿಜ. ಅದನ್ನು ಹಿಡಿಯೋಕೆ ಬಿಟ್ಟರಷ್ಟೇ ಮೀನುಗಾರನಿಗೆ ಲಾಭ.

ಮೊದಲೇ ಕೂತು ಮಾತಾಡಿದರೆ ವಿನ್ಯಾಸ ಬದಲಾಗುತ್ತದೆ. ಅಮೆರಿಕದ ನ್ಯೂ ಇಂಗ್ಲೆಂಡ್ ಕಡಲಲ್ಲಿ ಮೀನುಗಾರರು ಪಟ್ಟು ಹಿಡಿದ ಮೇಲೆ ಕಂಪನಿಗಳು 2019ರಲ್ಲಿ ಕಂಬದಿಂದ ಕಂಬಕ್ಕೆ ಒಂದು ನಾಟಿಕಲ್ ಮೈಲಿ ಅಂತರ, ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣ ನೇರ ಸಾಲು ಅಂತ ಒಪ್ಪಿದವು. ಎಲ್ಲರಿಗೂ ಸಮಾಧಾನ ಆಗಲಿಲ್ಲ, ಆದರೂ ಹಾದಿ ಉಳೀತು. ಡೆನ್ಮಾರ್ಕಿನಲ್ಲಿ ನಷ್ಟಕ್ಕೆ ಒಳಗಾಗುವ ಮೀನುಗಾರರ ಜೊತೆ ಪರಿಹಾರದ ಮಾತುಕತೆ ನಡೆಸಬೇಕು ಅಂತ ಕಾನೂನೇ ಇದೆ.

ಆದರೆ ನಷ್ಟವನ್ನು ತೋರಿಸೋದು ಹೇಗೆ? ಯುರೋಪಿನಲ್ಲಿ ಉಪಗ್ರಹ ಜಾಡು ಯಂತ್ರದ, ಅಂದರೆ ಬೋಟು ಎಲ್ಲೆಲ್ಲಿ ಓಡಾಡಿತು ಅಂತ ದಾಖಲಿಸೋ ಯಂತ್ರದ, ನಿಯಮ ಬಹುಕಾಲ 12 ಮೀಟರ್‌ಗಿಂತ ಚಿಕ್ಕ ದೋಣಿಗಳಿಗೆ ಅನ್ವಯ ಆಗುತ್ತಿರಲಿಲ್ಲ. ಹೀಗಾಗಿ ದೊಡ್ಡ ಬೋಟುಗಳ ಜಾಡು ನಕ್ಷೆ ಮೇಲೆ ದಪ್ಪಗೆ ಮೂಡುತ್ತದೆ, ಸಣ್ಣ ದೋಣಿಯವರ ನೀರು ಖಾಲಿ ಜಾಗದ ಹಾಗೆ ಕಾಣುತ್ತದೆ. ಖಾಲಿ ಕಂಡ ಕಡೆಯೇ ಯೋಜನೆ ಬಂದು ಕೂರುತ್ತದೆ. ನಮ್ಮ ಕರಾವಳಿಯ ಫೈಬರ್ ದೋಣಿ, ಕಟ್ಟುಮರಗಳಿಗೂ ಇದೇ ಗತಿ ಆಗಬಾರದು. ಗುತ್ತಿಗೆ ಕೊಡೋ ಮುಂಚೆಯೇ ಯಾವ ತಿಂಗಳು ಯಾರು ಎಲ್ಲಿ ಯಾವ ಬಲೆ ಬಿಡ್ತಾರೆ ಅಂತ ಊರೂರಿಗೆ ಹೋಗಿ, ಅವರ ಬಾಯಿಂದಲೇ ಕೇಳಿ ನಕ್ಷೆ ಬರೆಯಬೇಕು. ಬೋಟಿನ ಮಾಲೀಕರ ಜೊತೆಗೆ ಕೂಲಿಗೆ ಹೋಗೋರು, ಮೀನು ಒಣಗಿಸಿ ಮಾರೋ ಹೆಂಗಸರು ಕೂಡ ಆ ಲೆಕ್ಕದಲ್ಲಿ ಇರಬೇಕು. ಪಾವಗಡದ ಸೋಲಾರ್ ಪಾರ್ಕಿನಲ್ಲಿ ಜಮೀನಿದ್ದವರಿಗೆ ವರ್ಷಾ ವರ್ಷ ಬಾಡಿಗೆ ಬಂತು, ಅದೇ ಹೊಲಗಳಲ್ಲಿ ಕೂಲಿ ಮಾಡುತ್ತಿದ್ದ ಭೂಮಿ ಇಲ್ಲದವರಿಗೆ ಆ ಬಾಡಿಗೆಯಲ್ಲಿ ಪಾಲು ಸಿಗಲಿಲ್ಲ.