ಅಂಟಾರ್ಟಿಕಾದಲ್ಲಿ ಹಪ್ಪಳ ಒಣಗುತ್ತಾ?

ಜುಲೈ ತಿಂಗಳಲ್ಲಿ ನಮ್ಮ ವಾಸ್ಕೋದಲ್ಲಿ ಉಪ್ಪಿನ ಡಬ್ಬಿಗೆ ನಾಲ್ಕು ಅಕ್ಕಿಕಾಳು ಹಾಕದಿದ್ದರೆ ಉಪ್ಪು ಚಮಚ ಬಿಟ್ಟು ಬೀಳುವುದಿಲ್ಲ. ಬೆಲ್ಟಿಗೆ ಬೂಸ್ಟು. ಒಗೆದ ಬಟ್ಟೆ ಮೂರು ದಿನ ಫ್ಯಾನಿನ ಕೆಳಗೆ. ಪಕ್ಕದ ಮನೆಯ ಧಾರವಾಡದ ಅಕ್ಕ ಮೊನ್ನೆ ಕೇಳಿದರು: "ತಮ್ಮಾ, ನೀ ಹೋಗಿ ಬಂದ್ಯಲ್ಲ ಆ ಬರ್ಫಿನ ನಾಡು, ಅಲ್ಲಿ ಹಪ್ಪಳ ಒಣಗತಾವೇನು?"

"ಛಲೋ ಒಣಗತಾವ್ರಿ ಅಕ್ಕಾ" ಎಂದೆ. ಅವರು ನಂಬಲಿಲ್ಲ. ಆದರೆ ಅಲ್ಲಿದ್ದಷ್ಟು ದಿನ ನನ್ನ ತುಟಿ ಒಡೆದೇ ಇತ್ತು. ಬಾಗಿಲ ಹಿಡಿ ಮುಟ್ಟಿದರೆ ಚಟ್ ಅಂತ ಶಾಕ್.

ಅಲ್ಲಿನ ಗಾಳಿ ಅಷ್ಟು ಒಣ. ಕಾರಣ ಸರಳ. 30 ಡಿಗ್ರಿ ಬಿಸಿಯ ಒಂದು ಘನ ಮೀಟರ್ ಗಾಳಿಯಲ್ಲಿ ಹೆಚ್ಚೆಂದರೆ ಸುಮಾರು 30 ಗ್ರಾಂ ನೀರಾವಿ ಹಿಡಿಸುತ್ತದೆ. ಮೈನಸ್ 30ರಲ್ಲಿ ಅರ್ಧ ಗ್ರಾಂ ಕೂಡ ಹಿಡಿಸುವುದಿಲ್ಲ. ಹವಾಮಾನ ಪಟ್ಟಿಯಲ್ಲಿ ಆರ್ದ್ರತೆ, ಅಂದರೆ ಹಿಡಿಸುವಷ್ಟರಲ್ಲಿ ಎಷ್ಟು ಪಾಲು ಆವಿ ಇದೆ ಅನ್ನುವುದು, ಶೇ. 90 ಅಂತ ಕಂಡರೂ ಅದು ಖಾಲಿ ಜೇಬಿನ ಶೇ. 90 ಅಷ್ಟೇ. ಖಂಡದ ಒಳಭಾಗದಲ್ಲಿ ವರ್ಷವಿಡೀ ಬೀಳುವ ಹಿಮವನ್ನು ಕರಗಿಸಿದರೆ 50 ಮಿ.ಮೀ. ನೀರೂ ಆಗುವುದಿಲ್ಲ. ಗೋವಾದಲ್ಲಿ ಒಂದೇ ಮಧ್ಯಾಹ್ನ ಅಷ್ಟು ಸುರಿಯುತ್ತದೆ.

ಆ ಅಷ್ಟಿಷ್ಟನ್ನು ಅಳೆಯುವುದೇ ದೊಡ್ಡ ತಲೆನೋವು. ಮೊದಲ ವಾರ ನನ್ನ ಅಳತೆ ಡಬ್ಬಿ ತುಂಬಿತ್ತು. ಖುಷಿಯಿಂದ ಬರೆದುಕೊಂಡೆ. ಹಿರಿಯ ಸಹೋದ್ಯೋಗಿ ನಕ್ಕರು: "ಅದು ಬಿದ್ದದ್ದಲ್ಲ ಮಾರಾಯ, ಹಾರಿ ಬಂದದ್ದು." ಗಾಳಿ ಎಲ್ಲಿಂದಲೋ ಹಿಮ ಹೊತ್ತು ತಂದು ಡಬ್ಬಿಗೆ ಸುರಿದಿತ್ತು. ಅದಕ್ಕೇ ಈಗಲೂ ಸಾಲಾಗಿ ಕೋಲು ನೆಟ್ಟು, ಎಷ್ಟು ಹೂತಿದೆ ಅಂತ ನೋಡುತ್ತೇವೆ. ಹಿಮ ಎಷ್ಟು ಗಟ್ಟಿ ಅನ್ನುವುದನ್ನೂ ಅಳೆಯಬೇಕು. ಇಲ್ಲದಿದ್ದರೆ ನೀರಿನ ಲೆಕ್ಕ ಸಿಗದು. ಇನ್ನೊಂದು ತಮಾಷೆ: ಎತ್ತರದಿಂದ ಇಳಿಜಾರು ಹಿಡಿದು ಧುಮ್ಮಿಕ್ಕುವ ಗಾಳಿ ಇಳಿಯುತ್ತಾ ಬೆಚ್ಚಗಾಗಿ ಇನ್ನೂ ಒಣಗುತ್ತದೆ. ಬೀಳುತ್ತಿರುವ ಹಿಮದಲ್ಲಿ ಒಂದಷ್ಟನ್ನು ನೆಲ ಮುಟ್ಟುವ ಮೊದಲೇ ಆವಿ ಮಾಡಿಬಿಡುತ್ತದೆ.

ಹಾಗಾದರೆ ನೀರು ಬರುವುದಾದರೂ ಎಲ್ಲಿಂದ? ಉತ್ತರದ ಬೆಚ್ಚನೆ ಸಮುದ್ರಗಳಿಂದ, ಬಿರುಗಾಳಿಗಳ ಹೆಗಲೇರಿ. ಬರುವುದು ದಿನಾ ಒಂದಿಷ್ಟು ಅಂತ ಅಲ್ಲ, ಬಿಡಿ ಬಿಡಿ ಹೊರೆಗಳಲ್ಲಿ. ಸರಾಸರಿ ನೋಡಿ ಮೋಸಹೋಗಬೇಡಿ. ಖಂಡದ ಬಹುಭಾಗದಲ್ಲಿ ಅತಿ ಹೆಚ್ಚು ಹಿಮ ಬೀಳುವ ಶೇ. 10ರಷ್ಟು ದಿನಗಳೇ ವರ್ಷದ ಹಿಮದ ಶೇ. 40ಕ್ಕಿಂತ ಜಾಸ್ತಿ ತರುತ್ತವೆ. ಇದರ ದೊಡ್ಡ ವಾಹಕ ಅಂದರೆ ವಾತಾವರಣದ ನದಿ: ಸಾವಿರಾರು ಕಿ.ಮೀ. ಉದ್ದ, ಅಗಲ ಕೆಲವೇ ನೂರು ಕಿ.ಮೀ. ಇರುವ ಆವಿಯ ಪಟ್ಟಿ. ಉಪಗ್ರಹ ಚಿತ್ರದಲ್ಲಿ ಯಾರೋ ಬೆರಳಲ್ಲಿ ಎಳೆದ ಗೆರೆಯ ಹಾಗೆ ಕಾಣುತ್ತದೆ.

2022ರ ಮಾರ್ಚ್‌ನಲ್ಲಿ ಅಂಥದ್ದೊಂದು ಪೂರ್ವ ಅಂಟಾರ್ಟಿಕಾದ ಒಳಕ್ಕೇ ನುಗ್ಗಿತು. 3,200 ಮೀಟರ್ ಎತ್ತರದ ಕಾಂಕಾರ್ಡಿಯಾ ಸಂಶೋಧನಾ ಕೇಂದ್ರದಲ್ಲಿ ಉಷ್ಣಾಂಶ ಸುಮಾರು ಮೈನಸ್ 12ಕ್ಕೆ ಏರಿತು. ಆ ಕಾಲಕ್ಕೆ ಅಲ್ಲಿ ಮೈನಸ್ 50ರ ಆಸುಪಾಸು ಇರಬೇಕು! ಬೆಚ್ಚನೆ ಗಾಳಿಯೊಂದೇ ಇದನ್ನು ಮಾಡಿದ್ದಲ್ಲ. ಆವಿ ಮೋಡವಾಗುವಾಗ ಬಿಸಿ ಬಿಡುತ್ತದೆ, ಮೋಡ ಕಂಬಳಿಯಂತೆ ಹೊದ್ದುಕೊಂಡು ನೆಲದ ಶಾಖವನ್ನು ತಡೆಯುತ್ತದೆ.

ಕರಾವಳಿಯಲ್ಲಿ ಮಂಜುಗಡ್ಡೆ ಕರಗಿತು. ಅದೇ ದಿನಗಳಲ್ಲಿ, ಮೊದಲೇ ಸವೆದಿದ್ದ ಕಾಂಗರ್ ಎಂಬ ತೇಲುವ ಮಂಜುಗಡ್ಡೆಯ ಹಾಸು ಒಡೆದು ಹೋಯಿತು. ಆದರೆ ಲೆಕ್ಕ ಹಾಕಿದರೆ ಆ ನದಿ ಸುರಿದ ಹಿಮ ಕರಗಿದ್ದಕ್ಕಿಂತ ಜಾಸ್ತಿಯೇ ಇತ್ತು.