‘ಡಬ್ಬಿ ಹೋಗೈತಿ’ ಎನ್ನುವ ಮುನ್ನ: ಇಸಿಎಂ ಬದಲಾವಣೆ ಕುರಿತ ಅಧ್ಯಯನ ಟಿಪ್ಪಣಿ

ಎಂಜಿನ್ನನ್ನು ನಡೆಸುವ ಎಲೆಕ್ಟ್ರಾನಿಕ್ ಕಂಟ್ರೋಲ್ ಮಾಡ್ಯೂಲಿಗೆ ಪುಸ್ತಕಗಳಲ್ಲಿ ಇಸಿಎಂ ಎಂದೂ ಇಸಿಯು ಎಂದೂ ಹೆಸರಿದೆ. ಬೆಳಗಾವಿಯ ಉದ್ಯಮಬಾಗದಲ್ಲಿ ನಾನು ಕೆಲಸ ಕಲಿತ ಗ್ಯಾರೇಜಿನಲ್ಲಿ ಮಾತ್ರ ಅದು ಬರೀ ‘ಡಬ್ಬಿ’. ಕಾರು ಸ್ಟಾರ್ಟ್ ಆಗದೆ, ದೋಷದ ಕೋಡ್ ಓದುವ ಸ್ಕ್ಯಾನರಿಗೂ ಉತ್ತರ ಕೊಡದೆ ನಿಂತರೆ ‘ಡಬ್ಬಿ ಹೋಗೈತ್ರೀ’ ಎಂದುಬಿಡುವುದು ಸುಲಭ. ಆದರೆ ಹಾಗೆ ಹೇಳಿ ಬಿಚ್ಚಿದ ಡಬ್ಬಿಗಳಲ್ಲಿ ಹಲವು ಚೆನ್ನಾಗಿಯೇ ಇದ್ದುದನ್ನು ನಾನು ಕಂಡಿದ್ದೇನೆ. ನಿಜವಾಗಿ ಕೆಟ್ಟಿದ್ದವೂ ತಾವಾಗಿ ಕೆಟ್ಟದ್ದು ಕಡಿಮೆ, ಹೊರಗಿನ ಯಾವುದೋ ದೋಷ ಅವುಗಳನ್ನು ಕೆಡಿಸಿತ್ತು. ಆದ್ದರಿಂದ ಈ ಟಿಪ್ಪಣಿಯಲ್ಲಿ ಬಿಚ್ಚಿ ಜೋಡಿಸುವ ಕೆಲಸಕ್ಕಿಂತ ಅದಕ್ಕೂ ಮೊದಲಿನ ಪರೀಕ್ಷೆಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಮೊದಲು ನೋಡಬೇಕಾದದ್ದು ಕೀಲಿ ತಿರುಗಿಸಿದಾಗ ಚೆಕ್ ಎಂಜಿನ್ ದೀಪ ಹೊತ್ತುತ್ತದೆಯೇ ಎಂಬುದನ್ನು. ದೀಪವೂ ಹೊತ್ತದೆ, ಸ್ಕ್ಯಾನರೂ ಮಾತಾಡದಿದ್ದರೆ ಇಸಿಎಂಗೆ ಕರೆಂಟು ಬರುತ್ತಿಲ್ಲ, ಅರ್ಥಿಂಗ್ (ಕರೆಂಟು ಬ್ಯಾಟರಿಯ ನೆಗೆಟಿವಿಗೆ ಮರಳುವ ದಾರಿ) ಸಿಗುತ್ತಿಲ್ಲ, ಸೆನ್ಸರುಗಳಿಗೆ ಅದು ಕೊಡುವ 5 ವೋಲ್ಟಿನ ಪೂರೈಕೆ ಎಲ್ಲೋ ಅರ್ಥಿಂಗಿಗೆ ತಾಗಿದೆ, ಅಥವಾ ಇಸಿಎಂ ಕೆಟ್ಟಿದೆ ಎಂದು ಅರ್ಥ. ಈ ನಾಲ್ಕನ್ನೂ ಇದೇ ಕ್ರಮದಲ್ಲಿ ಅನುಮಾನಿಸಬೇಕು, ಏಕೆಂದರೆ ಮೊದಲ ಮೂರನ್ನು ತಳ್ಳಿಹಾಕದೆ ನಾಲ್ಕನೆಯದನ್ನು ಸಾಬೀತುಪಡಿಸಲು ಬೇರೆ ದಾರಿಯಿಲ್ಲ. ಸ್ಕ್ಯಾನರ್ ಮಾತಾಡಿ ಪಿ0601, ಪಿ0605, ಪಿ0606ರಂಥ ಕೋಡ್ ತೋರಿಸಿದರೆ, ಅವು ಮೆಮೊರಿ ಅಥವಾ ಪ್ರೊಸೆಸರಿನ ಒಳದೋಷವನ್ನು ಸೂಚಿಸುವುದರಿಂದ, ಡಬ್ಬಿಯ ಮೇಲಿನ ಅನುಮಾನ ಬಲವಾಗುತ್ತದೆ. ಆದರೂ ಬ್ಯಾಟರಿ ಸೊರಗಿದ್ದಾಗ ಇಂಥ ಕೋಡುಗಳು ಸುಮ್ಮನೆ ಬಂದು ಕೂರುವುದುಂಟು. ಬ್ಯಾಟರಿಯನ್ನು 12.6 ವೋಲ್ಟಿಗೆ ತಂದು, ಕೋಡುಗಳನ್ನು ಅಳಿಸಿ, ಮತ್ತೆ ಬರುತ್ತವೆಯೇ ಎಂದು ನೋಡಿದ ಮೇಲಷ್ಟೇ ಅವುಗಳ ಮಾತು ನಂಬತಕ್ಕದ್ದು.

ಕರೆಂಟಿನ ಪರೀಕ್ಷೆಯಲ್ಲಿ ನಮ್ಮಂಥ ಕಲಿಯುವವರು ಹೆಚ್ಚಾಗಿ ಎಡವುವುದು ಮಲ್ಟಿಮೀಟರನ್ನು ಅತಿಯಾಗಿ ನಂಬಿ. ಒಮ್ಮೆ ಮುಧೋಳದ ಕಡೆಯಿಂದ, ಕಬ್ಬಿನ ಗದ್ದೆಯ ಪಕ್ಕದಲ್ಲಿ ತಿಂಗಳುಗಟ್ಟಲೆ ನಿಂತಿದ್ದ ಕಾರೊಂದನ್ನು ಎಳೆದು ತಂದರು. ಬೇರೊಂದು ಗ್ಯಾರೇಜಿನವರು ಆಗಲೇ ಹೊಸ ಇಸಿಎಂ ಹಾಕಿಸಬೇಕೆಂದು ಹೇಳಿ ಕಳಿಸಿದ್ದರು. ಇಸಿಎಂ ಕನೆಕ್ಟರಿನ ಮುಖ್ಯ ಪೂರೈಕೆಯ ಪಿನ್ನಿನಲ್ಲಿ ಮೀಟರ್ 12.4 ವೋಲ್ಟ್ ತೋರಿಸಿತು, ನೋಡಿದರೆ ಎಲ್ಲವೂ ಸರಿ. ಅದೇ ಪಿನ್ನಿಗೂ ಬ್ಯಾಟರಿಯ ನೆಗೆಟಿವಿಗೂ ನಡುವೆ ಬ್ರೇಕ್ ದೀಪದ 21 ವ್ಯಾಟಿನ ಬಲ್ಬು ಕಟ್ಟಿದಾಗ ಅದರ ತಂತಿ ಕೆಂಡದಂತೆ ಮಂಕಾಗಿ ಕೆಂಪೇರಿತೇ ಹೊರತು ಉರಿಯಲಿಲ್ಲ, ಮೀಟರಿನ ಅಂಕಿ 7ಕ್ಕೆ ಕುಸಿಯಿತು. ಮೀಟರ್ ಎಳೆಯುವ ಕರೆಂಟು ನಗಣ್ಯವಾದುದರಿಂದ ಒಂದೇ ಎಳೆ ಉಳಿದ ವಯರಿನಲ್ಲೂ ಅದು ಪೂರ್ಣ ವೋಲ್ಟೇಜ್ ತೋರಿಸುತ್ತದೆ. ಬಲ್ಬು ಒಂದೂಮುಕ್ಕಾಲು ಆಂಪಿಯರಿನಷ್ಟು ಬೇಡುವುದರಿಂದ ಸುಳ್ಳು ಹೇಳಲಾರದು. ವಯರುಗಳ ಕಟ್ಟಾದ ಹಾರ್ನೆಸ್ಸಿನ ಟೇಪು ಬಿಚ್ಚುತ್ತಾ ಹೋದಾಗ ಬ್ಯಾಟರಿ ತಟ್ಟೆಯ ಕೆಳಗೆ ಇಲಿ ಕಡಿದ ವಯರು ಸಿಕ್ಕಿತು. ಎರಡೇ ಎರಡು ತಾಮ್ರದ ಎಳೆಗಳು ಉಳಿದಿದ್ದು, ಸುತ್ತ ಹಸಿರು ಪುಡಿ ಕಟ್ಟಿತ್ತು. ಕೆಟ್ಟ ಭಾಗ ಕತ್ತರಿಸಿ, ಅದೇ ದಪ್ಪದ ವಯರನ್ನು ಬೆಸುಗೆ ಹಾಕಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ತೋಳು ತೊಡಿಸಿದ ಮೇಲೆ ಕಾರು ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು. ಡಬ್ಬಿಯನ್ನು ಮುಟ್ಟಲೇ ಇಲ್ಲ.

ಅರ್ಥಿಂಗಿಗೂ ಇದೇ ನ್ಯಾಯ. ಓಮ್ ಅಳತೆ ಸಾಲದು. ಸ್ಟಾರ್ಟರ್ ತಿರುಗುತ್ತಿರುವಾಗ ಇಸಿಎಂನ ಅರ್ಥಿಂಗ್ ಪಿನ್ನಿಗೂ ಬ್ಯಾಟರಿ ನೆಗೆಟಿವಿಗೂ ನಡುವೆ ವೋಲ್ಟೇಜ್ ಅಳೆಯಬೇಕು. 0.1 ವೋಲ್ಟಿನೊಳಗಿದ್ದರೆ ಒಳ್ಳೆಯದು, ಅದಕ್ಕಿಂತ ಬಹಳ ಮೇಲಿದ್ದರೆ ಗೇರ್‌ಬಾಕ್ಸಿನ ಅಥವಾ ಬಾಡಿಯ ಅರ್ಥಿಂಗ್ ಬೋಲ್ಟು ತುಕ್ಕು ಹಿಡಿದಿದೆ, ಇಲ್ಲವೇ ಡೆಂಟಿಂಗ್ ಕೆಲಸದಲ್ಲಿ ಯಾರೋ ಅದರಡಿಗೆ ಬಣ್ಣ ಬಳಿದಿದ್ದಾರೆ. 5 ವೋಲ್ಟಿನ ಪೂರೈಕೆ ಬಿದ್ದುಹೋಗಿದ್ದರೆ ಆ ಸಾಲಿನ ಸೆನ್ಸರುಗಳ ಕನೆಕ್ಟರನ್ನು ಒಂದೊಂದಾಗಿ ಕಳಚಬೇಕು. ಯಾವುದನ್ನು ಕಳಚಿದಾಗ 5 ವೋಲ್ಟ್ ಮರಳುತ್ತದೋ ಅದೇ ಅಪರಾಧಿ. ಎಲ್ಲವನ್ನೂ ಕಳಚಿದರೂ ಮರಳದಿದ್ದರೆ ದೋಷ ವಯರಿಂಗಿನಲ್ಲಿ ಅಥವಾ ಇಸಿಎಂನಲ್ಲಿದೆ. ಇಸಿಎಂ ಮತ್ತು ಇತರ ಮಾಡ್ಯೂಲುಗಳು ಮಾತಾಡಿಕೊಳ್ಳುವ ಎರಡು ತಂತಿಯ ಕ್ಯಾನ್ ಜಾಲವನ್ನು ಬ್ಯಾಟರಿ ಕಳಚಿದ ಸ್ಥಿತಿಯಲ್ಲಿ, ಸ್ಕ್ಯಾನರ್ ಚುಚ್ಚುವ ಒಬಿಡಿ ಕನೆಕ್ಟರಿನ 6 ಮತ್ತು 14ನೆಯ ಪಿನ್ನುಗಳ ನಡುವೆ ಅಳೆಯಬಹುದು. ಜಾಲ ಆ ಪಿನ್ನುಗಳಿಗೆ ನೇರವಾಗಿ ಬಂದಿರುವ ಕಾರುಗಳಲ್ಲಿ ಎರಡು ತುದಿಯ 120 ಓಮಿನ ರೆಸಿಸ್ಟರುಗಳು ಸಮಾಂತರವಾಗಿ ಸೇರಿ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಳಚಿದೆ, ಸೊನ್ನೆಯ ಹತ್ತಿರ ಬಂದರೆ ಎರಡು ತಂತಿಗಳು ಒಂದಕ್ಕೊಂದು ತಾಗಿವೆ.

ಊರಿನ ಹವೆಯೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಬೆಳಗಾವಿಯ ಮಳೆಗಾಲದಲ್ಲಿ, ಅದರಲ್ಲೂ ಕ್ಯಾಂಪಿನಂಥ ಮರಗಳಿರುವ ಕಡೆ ನಿಲ್ಲುವ ಕಾರುಗಳಲ್ಲಿ, ವೈಪರಿನ ಕೆಳಗಿನ ನೀರಿನ ತೂಬು ಎಲೆಯಿಂದ ಕಟ್ಟಿಕೊಂಡು ನೀರು ಹಾರ್ನೆಸ್ಸಿನ ಮೂಲಕ ಕನೆಕ್ಟರಿಗೆ ಇಳಿಯುತ್ತದೆ. ವಿಜಯಪುರದ ಬೇಸಗೆಯ ಕಥೆ ಬೇರೆ: ಸೊಲ್ಲಾಪುರ ರಸ್ತೆಯಲ್ಲಿ ಮಧ್ಯಾಹ್ನ ನಿಂತುಹೋದ ಕಾರು ಸಂಜೆ ತಣ್ಣಗಾದಾಗ ತಾನೇ ಸ್ಟಾರ್ಟ್ ಆಗುತ್ತದೆ. ಇಸಿಎಂ ಬೋರ್ಡಿನ ಬೆಸುಗೆ ಬಿರುಕುಬಿಟ್ಟರೂ ಹೀಗಾಗುತ್ತದೆ, ಎಂಜಿನ್ ತಿರುಗುವುದನ್ನು ಗುರುತಿಸುವ ಕ್ರ್ಯಾಂಕ್ ಸೆನ್ಸರ್ ಬಿಸಿಗೆ ಕೈಕೊಟ್ಟರೂ ಹೀಗೆಯೇ ಆಗುತ್ತದೆ. ಎರಡನೆಯದು ಅಗ್ಗ, ಹೆಚ್ಚು ಸಾಮಾನ್ಯ, ಆದ್ದರಿಂದ ಅದನ್ನೇ ಮೊದಲು ನೋಡಬೇಕು.

ಇಸಿಎಂ ನಿಜವಾಗಿಯೂ ಕೆಟ್ಟಿದೆ ಎಂದು ಖಚಿತವಾದ ಮೇಲೂ ಹೊಸದನ್ನು ಕೂಡಲೇ ಜೋಡಿಸಬಾರದು. ಇದನ್ನು ನಾನು ಕೈಸುಟ್ಟುಕೊಂಡು ಕಲಿತೆ. ಒಂದು ಪೆಟ್ರೋಲ್ ಕಾರಿನ ಇಸಿಎಂ ತೆರೆದಾಗ ಇಂಧನ ಚಿಮ್ಮಿಸುವ ಒಂದು ಇನ್‌ಜೆಕ್ಟರನ್ನು ನಡೆಸುವ ಟ್ರಾನ್ಸಿಸ್ಟರ್ ಕರಕಲಾಗಿತ್ತು. ಇನ್‌ಜೆಕ್ಟರನ್ನು ತಣ್ಣಗಿದ್ದಾಗ ಅಳೆದೆ, 13 ಓಮ್ ಬಂತು, ಸರಿಯಿದೆ ಎಂದುಕೊಂಡು ಬೇರೆ ಇಸಿಎಂ ಹಾಕಿದೆ. ಮೂರನೆಯ ದಿನ ಅದೇ ಸಿಲಿಂಡರ್ ಮತ್ತೆ ಸತ್ತಿತು. ಎಂಜಿನ್ ಬಿಸಿಯಿದ್ದಾಗ ಅಳೆದರೆ ಬಂದದ್ದು 2 ಓಮ್. ಓಮನ ನಿಯಮವನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದವನಿಗೆ ಅದು ಅಂದು ಕಣ್ಣೆದುರು ನಿಂತಿತು: 14 ವೋಲ್ಟಿನಲ್ಲಿ 13 ಓಮ್ ಇದ್ದರೆ ಹರಿಯುವುದು ಸುಮಾರು 1 ಆಂಪಿಯರ್, 2 ಓಮ್ ಇದ್ದರೆ 7 ಆಂಪಿಯರ್. ಸುರುಳಿಯ ತಂತಿಯ ಮೇಲಿನ ಎನಾಮೆಲ್ ಲೇಪ ಕೆಟ್ಟಿದ್ದು, ತಂತಿ ಬಿಸಿಗೆ ಹಿಗ್ಗಿದಾಗ ಮಾತ್ರ ಸುತ್ತುಗಳು ಒಂದಕ್ಕೊಂದು ತಾಗಿಕೊಳ್ಳುತ್ತಿದ್ದವು. ಎರಡನೆಯ ಡಬ್ಬಿಯ ದುಡ್ಡು ನನ್ನ ಜೇಬಿನಿಂದ ಹೋಯಿತು ಎಂಬುದನ್ನೂ ಇಲ್ಲಿಯೇ ಬರೆದಿಡುತ್ತೇನೆ. ಅಂದಿನಿಂದ ಇನ್‌ಜೆಕ್ಟರ್, ಸೋಲೆನಾಯ್ಡ್, ರಿಲೇಗಳ ಸುರುಳಿಗಳನ್ನು ತಣ್ಣಗೂ ಬಿಸಿಯಾಗಿಯೂ ಅಳೆಯದೆ ಹೊಸ ಇಸಿಎಂ ಪೊಟ್ಟಣ ಬಿಚ್ಚುವುದಿಲ್ಲ.

ಹಳೆಯ ಇಸಿಎಂ ಸ್ಕ್ಯಾನರಿನೊಡನೆ ಸ್ವಲ್ಪವಾದರೂ ಮಾತಾಡುತ್ತಿದ್ದರೆ ಬಿಚ್ಚುವ ಮೊದಲೇ ಅದರಲ್ಲಿರುವುದನ್ನೆಲ್ಲ ಓದಿಟ್ಟುಕೊಳ್ಳಬೇಕು: ಚಾಸಿ ಸಂಖ್ಯೆ, ಸಾಫ್ಟ್‌ವೇರ್ ಸಂಖ್ಯೆ, ವೇರಿಯಂಟ್ ಕೋಡಿಂಗ್ (ಆ ಕಾರಿನ ಮಾದರಿ, ಸೌಲಭ್ಯಗಳ ನಮೂದು), ಡೀಸೆಲ್ ಆಗಿದ್ದರೆ ಪ್ರತಿ ಇನ್‌ಜೆಕ್ಟರಿನ ಅಳತೆ ಹೇಳುವ ಇನ್‌ಜೆಕ್ಟರ್ ಕೋಡುಗಳು, ಬಿಎಸ್6 ಡೀಸೆಲ್ ಆಗಿದ್ದರೆ ಹೊಗೆಯ ಮಸಿ ಹಿಡಿಯುವ ಡಿಪಿಎಫ್ ಫಿಲ್ಟರಿನ ಬೂದಿಯ ಲೆಕ್ಕ. ಈ ಕೊನೆಯದನ್ನು ಮರೆತರೆ ಹೊಸ ಇಸಿಎಂ ಹಳೆಯ ಫಿಲ್ಟರನ್ನು ಹೊಸದೆಂದು ತಿಳಿದು ತಪ್ಪು ಲೆಕ್ಕ ಹಾಕುತ್ತದೆ. ಹೊಸ ಡಬ್ಬಿಯ ಹಾರ್ಡ್‌ವೇರ್ ಸಂಖ್ಯೆ ಹಳೆಯದಕ್ಕೆ ಹೊಂದಬೇಕು, ಅಥವಾ ಕಂಪನಿಯೇ ಅದನ್ನು ಬದಲಿ ಸಂಖ್ಯೆಯೆಂದು ಪ್ರಕಟಿಸಿರಬೇಕು. ನೋಡಲು ಒಂದೇ ತೆರನಾಗಿದೆ, ಸಾಕೆಟ್ ಕೂರುತ್ತದೆ ಎಂಬುದು ಪುರಾವೆಯಲ್ಲ.

ಬಿಚ್ಚುವ ಕೆಲಸದಲ್ಲಿ ಹೇಳುವುದು ಹೆಚ್ಚಿಲ್ಲ. ಇಗ್ನಿಷನ್ ಆಫ್ ಮಾಡಿ, ಬ್ಯಾಟರಿಯ ನೆಗೆಟಿವ್ ಕಳಚಿ, ಕೆಲವು ನಿಮಿಷ ಕಾದು, ಕನೆಕ್ಟರಿನ ಲಿವರನ್ನು ಪೂರ್ತಿ ಎತ್ತಿ ನೇರವಾಗಿ ಎಳೆಯಬೇಕು. ಕೈಯನ್ನು ಮೊದಲು ಬಾಡಿಯ ಬರಿ ಲೋಹಕ್ಕೆ ಮುಟ್ಟಿಸಿ ಸ್ಥಾಯೀ ವಿದ್ಯುತ್ತನ್ನು ಇಳಿಸಿಕೊಳ್ಳಬೇಕು, ಪಿನ್ನುಗಳಿಗೆ ಬೆರಳು ತಾಗಿಸಬಾರದು.

ಪ್ರೋಗ್ರಾಮಿಂಗ್ ಮಾತ್ರ ಹಾಗಲ್ಲ. ಬರೆಯುವ ನಡುವೆ ವೋಲ್ಟೇಜ್ ಕುಸಿದರೆ ಇಸಿಎಂ ಅರ್ಧ ಬರೆದ ಸ್ಥಿತಿಯಲ್ಲಿ ನಿಂತು ಕಲ್ಲಾಗುವ ಅಪಾಯವಿದೆ. ಬ್ಯಾಟರಿಗೆ ಸ್ಥಿರವಾದ ಸಪೋರ್ಟ್ ಚಾರ್ಜರ್ ಕಟ್ಟಿ 13 ವೋಲ್ಟಿನ ಮೇಲೆ ಹಿಡಿಯಬೇಕು, ಹೆಡ್‌ಲೈಟು, ಫ್ಯಾನು, ಸ್ಟೀರಿಯೊ ಎಲ್ಲ ಆಫ್ ಇರಬೇಕು. ನಮ್ಮ ಕಡೆ ಕರೆಂಟು ಹೇಳದೆ ಹೋಗುವುದರಿಂದ ಚಾರ್ಜರನ್ನೂ ಲ್ಯಾಪ್‌ಟಾಪನ್ನೂ ಇನ್ವರ್ಟರಿನ ಸಾಲಿಗೆ ಹಾಕುವುದು ಜಾಣತನ.

ಆಮೇಲೆ ಕಳ್ಳತನ ತಡೆಯುವ ಇಮ್ಮೊಬಿಲೈಸರ್ ಜೋಡಣೆ. ಕೀಲಿಯ ಚಿಪ್ಪು, ಇಮ್ಮೊಬಿಲೈಸರ್ ಮತ್ತು ಇಸಿಎಂ ಒಂದನ್ನೊಂದು ಗುರುತಿಸಿದರಷ್ಟೇ ಎಂಜಿನ್ ಚಾಲೂ ಆಗುತ್ತದೆ, ಇಲ್ಲವಾದರೆ ಸ್ಟಾರ್ಟರ್ ತಿರುಗಿಯೂ ಇಂಧನ ಬರುವುದಿಲ್ಲ, ಇಲ್ಲವೇ ಹೊತ್ತಿ ತಕ್ಷಣ ಆರುತ್ತದೆ. ಗುಜರಿಯಿಂದ ತಂದ ಇಸಿಎಂ ಬೇರೊಂದು ಕಾರಿನ ಕೀಲಿಗೆ ಬಂಧಿತವಾಗಿರುತ್ತದೆ. ಹಳೆಯದರ ಮೆಮೊರಿಯನ್ನು ಅದಕ್ಕೆ ನಕಲಿಸಿದರೆ, ಅಥವಾ ಆ ಬಂಧವನ್ನು ಅಳಿಸಿ ಹೊಸದಾಗಿ ಜೋಡಿಸಲು ಸಾಧ್ಯವಾದರೆ ಮಾತ್ರ ಅದು ಈ ಕಾರಿನದಾಗುತ್ತದೆ. ಕೀಲಿಗೆ ಸಂಬಂಧಿಸಿದ ಯಾವ ಕೆಲಸಕ್ಕೂ ಮುನ್ನ ಆರ್‌ಸಿ ನೋಡಿ, ಚಾಸಿ ಸಂಖ್ಯೆ ತಾಳೆ ಹಾಕುವುದನ್ನು ಸಂಕೋಚವೆಂದು ಬಿಡಬಾರದು.

ಕೊನೆಗೆ ಥ್ರಾಟಲ್ ಮತ್ತು ಐಡಲ್ ಕಲಿಕೆ (ಗಾಳಿಯ ಕವಾಟದ ಸ್ಥಾನವನ್ನೂ ಎಂಜಿನ್ನಿನ ನಿಂತಲ್ಲಿನ ವೇಗವನ್ನೂ ಹೊಸ ಇಸಿಎಂಗೆ ಕಲಿಸುವುದು), ಬೇಕಿರುವ ಕಾರುಗಳಲ್ಲಿ ಕ್ರ್ಯಾಂಕ್ ಸೆನ್ಸರಿನ ಕಲಿಕೆ, ಡೀಸೆಲ್ಲಿನಲ್ಲಿ ಇನ್‌ಜೆಕ್ಟರ್ ಕೋಡುಗಳ ನಮೂದು. ದೋಷದ ಕೋಡುಗಳನ್ನು ಅಳಿಸಿದ ಮೇಲೆ ಮಾನಿಟರುಗಳೆಲ್ಲ (ಇಸಿಎಂ ತಾನೇ ನಡೆಸುವ ಪರೀಕ್ಷೆಗಳು) ಅಪೂರ್ಣ ಎಂದು ತೋರುತ್ತವೆ. ಅವು ಗ್ಯಾರೇಜಿನಲ್ಲಿ ನಿಂತು ಪೂರ್ಣವಾಗುವುದಿಲ್ಲ. ಊರೊಳಗಿನ ಸಂದಣಿಯಲ್ಲಿ ಒಂದಿಷ್ಟು ಓಡಿಸಿ, ಆಮೇಲೆ ಹೆದ್ದಾರಿ 48ರಲ್ಲಿ ಕಾಕತಿ ದಾಟಿ ಒಂದೇ ವೇಗದಲ್ಲಿ ಹೋಗಿ ಬಂದು, ಮರುದಿನ ಬೆಳಿಗ್ಗೆ ತಣ್ಣನೆಯ ಎಂಜಿನ್ನನ್ನು ಸ್ಟಾರ್ಟ್ ಮಾಡಿ ಸ್ಕ್ಯಾನರಿನಲ್ಲಿ ನೋಡಬೇಕು. ಅಲ್ಲಿಯವರೆಗೆ ಹಳೆಯ ಡಬ್ಬಿಯನ್ನು ಗಿರಾಕಿಗೂ ಕೊಡದೆ, ಗುಜರಿಗೂ ಹಾಕದೆ, ಕಾರಿನ ನಂಬರು ಬರೆದ ಚೀಟಿ ಅಂಟಿಸಿ ಗ್ಯಾರೇಜಿನ ಕಪಾಟಿನಲ್ಲಿಯೇ ಇಟ್ಟಿರಬೇಕು.