ಎಂಟು ಟ್ರ್ಯಾಕಿನಲ್ಲಿ ಹಿಮ್ಮೇಳ: ಬೌನ್ಸ್ ಮಾಡುವ ಬಗೆ

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಕಾಸರಗೋಡಿನ ಕುಂಬಳೆ, ಬದಿಯಡ್ಕದ ಕಡೆ ಹಿಮ್ಮೇಳದವರಿಗೆ, ಅಂದರೆ ಹಾಡು-ವಾದ್ಯದವರಿಗೆ, ತುಸು ಬಿಡುವು. ರೆಕಾರ್ಡಿಂಗಿಗೆ ಒಳ್ಳೆಯ ಸಮಯ, ಮಳೆಯೊಂದನ್ನು ಬಿಟ್ಟರೆ. ಎರಡು ಇನ್‌ಪುಟ್, ಎಂಟು ಟ್ರ್ಯಾಕಿನ ಡಿಜಿಟಲ್ ರೆಕಾರ್ಡರ್ ಇದೆ ಎಂದಿಟ್ಟುಕೊಳ್ಳೋಣ.

1 ಶ್ರುತಿ, 2 ಭಾಗವತರ ಪದ, 3 ಮದ್ದಳೆಯ ಬಲ, 4 ಮದ್ದಳೆಯ ಎಡ, 5 ಚೆಂಡೆ, 6 ಚಕ್ರತಾಳ (ಲೋಹದ ದೊಡ್ಡ ತಾಳ). 7, 8 ಖಾಲಿ. 3, 4, 5ನ್ನು ಕೂಡಿಸಿ 7–8ಕ್ಕೆ ಸ್ಟೀರಿಯೋ ಆಗಿ ಇಳಿಸಿದರೆ (ಇದೇ ಬೌನ್ಸ್) ಮೂರು ಟ್ರ್ಯಾಕ್ ಬಿಡುವಾಗುತ್ತವೆ. ದ್ವಂದ್ವ ಹಾಡುವ ಇನ್ನೊಬ್ಬ ಭಾಗವತರಿಗೆ ಜಾಗವಾಯಿತು. ಚಕ್ರತಾಳವನ್ನು ಮಾತ್ರ ಬೌನ್ಸಿಗೆ ಸೇರಿಸಬೇಡಿ. ಪದ ಕೂಡಿದ ಮೇಲೆ ಅದು ಕಿವಿಗೆ ಚುಚ್ಚುವುದು ಗೊತ್ತಾಗುತ್ತದೆ, ಆಗ ತಗ್ಗಿಸಲು ಹೋದರೆ ಚೆಂಡೆಯೂ ತಗ್ಗುತ್ತದೆ.

ಮದ್ದಳೆಯ ಎರಡು ಮೈಕುಗಳನ್ನು ಮೊದಲು ಮೊನೋದಲ್ಲಿ, ಅಂದರೆ ಎರಡನ್ನೂ ಒಂದಾಗಿ ಕೂಡಿಸಿ ಕೇಳಿ. ಬಲಗೈ ಪೆಟ್ಟಿಗೆ ಒಂದು ಚರ್ಮ ಒಳಕ್ಕೆ ಹೋದಾಗ ಇನ್ನೊಂದು ಹೊರಕ್ಕೆ ಉಬ್ಬುವುದರಿಂದ ಎರಡೂ ಸೇರಿದಾಗ ನಾದ ಸೊರಗಬಹುದು. ಒಂದು ಟ್ರ್ಯಾಕಿನ ಫೇಸ್ (ಸದ್ದಿನ ಅಲೆಯ ಏರಿಳಿತ) ತಿರುಗುಮುರುಗು ಮಾಡಿ ನೋಡಿ, ಯಾವುದರಲ್ಲಿ ದಪ್ಪ ನಾದ ಬರುತ್ತದೋ ಅದನ್ನು ಇಟ್ಟುಕೊಳ್ಳಿ. ಬೌನ್ಸ್ ಆದ ಮೇಲೆ ಇದಕ್ಕೆ ಮದ್ದಿಲ್ಲ.

ಮಟ್ಟದ ಲೆಕ್ಕ: ಒಂದೇ ಮಟ್ಟದ ಮೂರು ಪೆಟ್ಟು ಒಂದೇ ಕ್ಷಣದಲ್ಲಿ ಬಿದ್ದರೆ ಒಟ್ಟು 9.5 ಡೆಸಿಬೆಲ್ ಏರುತ್ತದೆ. ಫೇಡರಿನ (ಮಟ್ಟ ಏರಿಳಿಸುವ ಗುಂಡಿ) ನಂತರ ಪ್ರತಿ ಟ್ರ್ಯಾಕಿನ ಗರಿಷ್ಠ ಪೆಟ್ಟು −12 ಡೆಸಿಬೆಲ್‌ನಲ್ಲಿದ್ದರೆ ಮೊತ್ತ −2.5, ಸದ್ದು ಒಡೆಯುವ ಮಿತಿಯಾದ ಸೊನ್ನೆ ದಾಟುವುದಿಲ್ಲ. ಚೆಂಡೆ-ಮದ್ದಳೆ ಜೋರಾಗಿ ನುಡಿಯುವ ಬಿಡ್ತಿಗೆಯಲ್ಲೇ ಪರೀಕ್ಷಿಸಿ, ವಿಳಂಬದಲ್ಲಿ ನೋಡಿ ಮೋಸ ಹೋಗಬೇಡಿ. ರಿವರ್ಬ್ ಆಫ್ ಇರಲಿ. 1, 2, 6 ಮತ್ತು ಮೆಟ್ರೋನೋಮ್ ಮ್ಯೂಟ್. ಟ್ರ್ಯಾಕಿನ ಮೊದಲಿನಿಂದಲೇ (ಸಮಯ ಸೊನ್ನೆ) ಶುರು ಮಾಡಿ, ಕೊನೆಯ ಪೆಟ್ಟು ಪೂರ್ತಿ ಆರಿದ ಮೇಲೂ ಐದು ಸೆಕೆಂಡು ಓಡಲಿ.

ಮುಗಿದ ಮೇಲೆ 3, 4, 5ನ್ನು ಮ್ಯೂಟ್ ಮಾಡಿ 7–8 ಕೇಳಿ. ಮ್ಯೂಟ್ ಮರೆತರೆ ಹಳೆಯದೂ ಹೊಸದೂ ಒಟ್ಟಿಗೆ ನುಡಿದು, ಬೌನ್ಸ್ ಭರ್ಜರಿಯಾಗಿ ಬಂದಿದೆ ಎಂದು ಭ್ರಮೆಯಾಗುತ್ತದೆ! ಮೂಲ ಮೂರನ್ನೂ ಕಂಪ್ಯೂಟರಿಗೆ ಇಳಿಸದೆ ಅಳಿಸಬೇಡಿ.

ಹಂಚಿನ ಮಾಡಿನ ಮೇಲಿನ ಮಳೆ ಸದ್ದನ್ನು ಹಗುರಾಗಿ ತೆಗೆದುಕೊಳ್ಳುವಂತಿಲ್ಲ. ಬೇರೆ ಬೇರೆ ಹೊತ್ತಿನಲ್ಲಿ ನುಡಿಸಿದ ಎರಡು ಟ್ರ್ಯಾಕಿನಲ್ಲಿ ಅದು ಸಮನಾಗಿದ್ದರೆ ಕೂಡಿದಾಗ 3 ಡೆಸಿಬೆಲ್, ನಾಲ್ಕಾದರೆ 6 ಡೆಸಿಬೆಲ್ ಏರುತ್ತದೆ. ಚೆಂಡೆ ಸುಮ್ಮನಿರುವ ಕಡೆಗಳನ್ನು ಬೌನ್ಸಿಗೆ ಮೊದಲೇ ಅಳಿಸುವುದೇ ಉಪಾಯ.

ನಾಲ್ಕು ಟ್ರ್ಯಾಕಿನ ಹಳೆ ಕ್ಯಾಸೆಟ್ ಯಂತ್ರದಲ್ಲಿ ಕಷ್ಟ ಬೇರೆ. ಪ್ರತಿ ಬೌನ್ಸಿಗೂ ಟೇಪಿನ ಹಿಸ್ (ಸುಸ್ಸೆನ್ನುವ ಸದ್ದು) ಸೇರುತ್ತದೆ, ತಾಳದ ಹೊಳಪು ಕುಗ್ಗುತ್ತದೆ. ಪಕ್ಕದ ಟ್ರ್ಯಾಕಿಗೆ ಇಳಿಸುವಾಗ ಸೋರಿಕೆ ಸುತ್ತು ಹಾಕಿ ಕೀರಲು ಸದ್ದು ಏಳಬಹುದು. ಆಗ ಮಟ್ಟ ಇಳಿಸಿ.

ಮಳೆಗಾಲದಲ್ಲಿ ಕರೆಂಟು ಯಾವಾಗ ಹೋಗುತ್ತದೆಂದು ಹೇಳಲಾಗದು. ಕಾರ್ಡಿಗೆ ಬರೆಯುತ್ತಿರುವಾಗಲೇ ಹೋದರೆ ಫೈಲ್ ತೆರೆಯದೇ ಹೋಗಬಹುದು, ಬೌನ್ಸ್ ಮಾಡುವಾಗ ಯಂತ್ರದೊಳಗೆ ಹೊಸ ಬ್ಯಾಟರಿ ಇರಲಿ.